ಬಾಗೇವಾಡಿಯಿಂದ ಕೃಷ್ಣೆಯವರೆಗೆ: ಮಲ್ಲಯ್ಯನ ಹಾದಿಯಲ್ಲಿ ನಾಲ್ಕು ದಿನ

ಹೋಳಿ ಹುಣ್ಣಿಮೆಯ ಬಣ್ಣ ಮೈಯಿಂದ ಪೂರ್ತಿ ಹೋಗುವ ಮೊದಲೇ ವಿಜಯಪುರ ಜಿಲ್ಲೆಯ ರಸ್ತೆಗಳ ರೂಪ ಬದಲಾಗುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಯಾವ ತಾಲ್ಲೂಕಿಗೆ ಹೋದರೂ ರಸ್ತೆಯ ಬದಿಗೆ ಸಾಲಾಗಿ ನಡೆಯುವ ಜನ ಕಾಣುತ್ತಾರೆ. ಹೆಗಲಿಗೊಂದು ಚೀಲ, ತಲೆಗೊಂದು ಟವೆಲ್, ಕೈಯಲ್ಲೊಂದು ಕೋಲು. ಗುಂಪಿನ ಮುಂದೆ ಹೂವು, ಬಟ್ಟೆಯಿಂದ ಸಿಂಗರಿಸಿದ ಕಂಬಿ. ಎಲ್ಲರ ಗುರಿ ಒಂದೇ: ಯುಗಾದಿಯೊಳಗೆ ಶ್ರೀಶೈಲದ ಮಲ್ಲಯ್ಯನ ಸನ್ನಿಧಿ ಮುಟ್ಟುವುದು.

ಬಾಗೇವಾಡಿ ಕಡೆಯಿಂದ ಶ್ರೀಶೈಲಕ್ಕೆ ಸುಮಾರು 400 ಕಿ.ಮೀ. ದಿನಕ್ಕೆ 25ರಿಂದ 30 ಕಿ.ಮೀ. ನಡೆದರೆ ಎರಡು ವಾರದ ಹಾದಿ. 2025ರಲ್ಲಿ ಹೋಳಿ ಮಾರ್ಚ್ 14ಕ್ಕೆ, ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ನಡುವೆ ಸಿಗುವುದು ಇಷ್ಟೇ ದಿನ. ಹಾಗಾಗಿ ಹುಣ್ಣಿಮೆ ಕಳೆದ ಕೂಡಲೇ ಹೊರಡುವುದು ರೂಢಿ.

ಬೇರೆ ದೇಶಗಳಲ್ಲಿ ‘ವಾಕಿಂಗ್ ಫೆಸ್ಟಿವಲ್’ ಅಂತ ಮಾಡುತ್ತಾರೆ. ಹಳ್ಳಿಗಾಡಿನಲ್ಲಿ ಒಂದು ವಾರ, ದಿನಕ್ಕೆ ಹತ್ತಾರು ನಡಿಗೆ. ಸುಲಭದ್ದು, ಮಧ್ಯಮದ್ದು, ಕಷ್ಟದ್ದು ಅಂತ ವಿಂಗಡಣೆ ಇರುತ್ತದೆ, ಪ್ರತಿ ಗುಂಪಿಗೆ ಒಬ್ಬ ದಾರಿ ತೋರಿಸುವವರು ಇರುತ್ತಾರೆ. ನನ್ನ ಆಫೀಸಿನ ಕೆಲವರು ಇಂಥದ್ದರ ಫೋಟೋ ನೋಡಿ ‘ನಮ್ಮಲ್ಲೂ ಇರಬೇಕಿತ್ತು’ ಎನ್ನುತ್ತಾರೆ. ಇದೆ ಕಣ್ರೀ ಅಂತ ಹೇಳುವುದಕ್ಕೇ ಈ ಬರಹ. ಬ್ರೋಷರ್ ಇಲ್ಲ, ರಿಜಿಸ್ಟ್ರೇಷನ್ ಲಿಂಕ್ ಇಲ್ಲ, ಟೀ ಶರ್ಟ್ ಇಲ್ಲ. ಆದರೆ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರ ಕಾಲಿಗೂ ಅಲ್ಲಿ ಜಾಗ ಇದೆ.

ಅವ್ವನ ಹರಕೆ

ನಾನು ಹೋಗಿದ್ದು ಅವ್ವನ ಜೊತೆಗೆ. ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಅವ್ವ ಹರಕೆ ಹೊತ್ತಿದ್ದಳು: ‘ಇವರು ಗುಣಾಗಿ ಮನಿಗೆ ಬಂದ್ರ ನಡಕೋಂತ ಬಂದು ಭ್ರಮರಾಂಬಾಗ ಉಡಿ ತುಂಬತೀನಿ.’ ಅಪ್ಪ ಗುಣವಾಗಿ ಬಂದರು. ಈಗ ದಿನಾ ಬೆಳಗ್ಗೆ ಹಾಲಿನ ಡೇರಿವರೆಗೆ ಹೋಗಿ ಬರುತ್ತಾರೆ. ಆದರೆ ಅಷ್ಟರೊಳಗೆ ಅವ್ವನ ಬಲ ಮೊಣಕಾಲು ಕೈಕೊಟ್ಟಿತು. 59 ವರ್ಷ. ಡಾಕ್ಟರು ಎಕ್ಸ್‌ರೇ ನೋಡಿ, ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ಸ್ವಲ್ಪ ನಡೀರಿ, ನಡುವೆ ಕೂಡ್ರಿ, 400 ಕಿ.ಮೀ. ಮಾತ್ರ ಬೇಡ ಅಂದರು.

ಹೋಗದೇ ಇದ್ದರೆ ಅವ್ವನಿಗೆ ನಿದ್ದೆ ಬರುವುದಿಲ್ಲ. ಹೋದರೆ ಕಾಲು ಉಳಿಯುವುದಿಲ್ಲ. ‘ಬಸ್ಸಿನಲ್ಲಿ ಹೋಗಿ ಬಾ’ ಅಂತ ಅಪ್ಪ ಹೇಳಿದ್ದಕ್ಕೆ, ‘ನಾ ನಡೀತೀನಿ ಅಂದಿದ್ದೆ, ಕೂಡತೀನಿ ಅಂದಿರಲಿಲ್ಲ’ ಎಂಬ ಉತ್ತರ ಬಂತು. ಆ ಮನೆಯಲ್ಲಿ ಆ ದಿನ ಮತ್ತೆ ಯಾರೂ ಮಾತಾಡಲಿಲ್ಲ.

ಕೊನೆಗೆ ಬಾಗೇವಾಡಿಯಲ್ಲಿ ವರ್ಷವೂ ಕಂಬಿ ಹೊರುವ ತಂಡದ ಹಿರಿಯರೊಬ್ಬರ ಹತ್ತಿರ ಮಾತಾಡಿದೆವು. ಊರೆಲ್ಲ ಅವರನ್ನು ಕಾಕಾ ಅನ್ನುತ್ತದೆ. ಹರಕೆ, ಮೊಣಕಾಲು, ಡಾಕ್ಟರು ಹೇಳಿದ್ದು ಎಲ್ಲವನ್ನೂ ಕೇಳಿಸಿಕೊಂಡು ಕಾಕಾ ಒಂದೇ ಮಾತು ಹೇಳಿದರು: “ಮಲ್ಲಯ್ಯ ಕಿಲೋಮೀಟರ್ ಲೆಕ್ಕ ಇಟ್ಟಿಲ್ಲ ಅಕ್ಕಾರ. ನಿಮ್ಮ ಕಾಲು ಎಷ್ಟ ಹೇಳ್ತಾವ ಅಷ್ಟ ನಡೀರಿ. ಉಳದದ್ದ ನಾವ ನಡೀತೀವಿ.”

ಹೀಗೆ ನಾಲ್ಕು ದಿನದ ಲೆಕ್ಕ ಹಾಕಿದೆವು. ಬಾಗೇವಾಡಿಯಿಂದ ಮುದ್ದೇಬಿಹಾಳ, ಅಲ್ಲಿಂದ ನಾಲತವಾಡ, ಅಲ್ಲಿಂದ ನಾರಾಯಣಪುರದ ಕೃಷ್ಣಾ ನದಿ. ಶನಿವಾರ, ಭಾನುವಾರ ಹೇಗೂ ರಜೆ. ಸೋಮವಾರ, ಮಂಗಳವಾರಕ್ಕೆ ರಜೆ ಹಾಕಿದೆ.

ಬಸವಣ್ಣನ ಊರಿನಿಂದ ಮೊದಲ ಹೆಜ್ಜೆ

ಬಸವನ ಬಾಗೇವಾಡಿ ಎಂದರೆ 12ನೇ ಶತಮಾನದ ಬಸವಣ್ಣನ ಊರು. ಇಲ್ಲಿನ ಮೂಲನಂದೀಶ್ವರ ದೇವಸ್ಥಾನಕ್ಕೆ ಶ್ರಾವಣದಲ್ಲಿ ಜಾತ್ರೆಯ ಗದ್ದಲ. ಆದರೆ ಹೋಳಿ ಮರುದಿನ ನಸುಕಿನ 3 ಗಂಟೆಗೆ ಗುಡಿಯ ಮುಂದೆ ನಿಂತಿದ್ದವರು ಅರವತ್ತು ಎಪ್ಪತ್ತು ಜನ ಅಷ್ಟೇ. ಕಂಬಿಗೆ ಪೂಜೆ ಆಯಿತು. ಕಾಯಿ ಒಡೆದರು. ‘ಹರ ಹರ ಮಹಾದೇವ’ ಅಂದದ್ದೇ ಎಲ್ಲರೂ ಹೊರಟರು.

ಯಾರ್ಯಾರು ಇದ್ದರು ಅಂತ ಹೇಳಿದರೆ ‘ಎಲ್ಲರ ಕಾಲಿಗೂ ಜಾಗ’ ಎಂದದ್ದು ಯಾಕೆ ಅಂತ ಗೊತ್ತಾಗುತ್ತದೆ. ಹದಿನೆಂಟನೇ ಸಲ ಹೊರಟಿದ್ದ 70 ದಾಟಿದ ಅಜ್ಜ ಒಬ್ಬರು. ಬರಿಗಾಲಲ್ಲಿ ನಡೆಯುವ ಹರಕೆಯ ಇಬ್ಬರು ಅಕ್ಕಂದಿರು. ಪಿಯುಸಿ ಓದುವ ಹುಡುಗರು ನಾಲ್ಕು ಜನ. ಅಪ್ಪನ ಕೈ ಹಿಡಿದ ಒಂಬತ್ತು ವರ್ಷದ ಹುಡುಗಿ. ಪೋಲಿಯೋದಿಂದ ಒಂದು ಕಾಲು ಸಣ್ಣದಾದ ಟೇಲರ್ ಒಬ್ಬರು. ಹಾದಿಯಲ್ಲಿ ಮುಂದೆ ಬೇರೆ ಊರಿನ ತಂಡವೊಂದು ಸೇರಿಕೊಂಡಿತು. ಅದರಲ್ಲಿ ಇಬ್ಬರು ಯುವಕರು ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದರು. ಜನರ ತಲೆಗಿಂತ ಎತ್ತರದಲ್ಲಿ ಅವರ ಸೊಂಟ. ಶ್ರೀಶೈಲದ ಹಾದಿಯಲ್ಲಿ ಮರಗಾಲಿನ ಹರಕೆ ಹೊಸದಲ್ಲ, ಆದರೂ ಪ್ರತಿ ಊರಲ್ಲೂ ಮಕ್ಕಳು ಅವರ ಹಿಂದೆ ಓಡಿ ಬರುತ್ತಿದ್ದರು.

ಇಷ್ಟು ವೇಗಗಳನ್ನು ಒಂದೇ ಗುಂಪಿನಲ್ಲಿ ಹಿಡಿದಿಡುವುದು ಹೇಗೆ? ಕಾಕಾನ ಪದ್ಧತಿ ಸರಳ. ನಡೆಯುವವರನ್ನು ಮೂರು ಭಾಗ ಮಾಡುತ್ತಾರೆ. ನಿಧಾನ ನಡೆಯುವವರು ಎಲ್ಲರಿಗಿಂತ ಒಂದು ತಾಸು ಮೊದಲು ಹೊರಡುತ್ತಾರೆ. ಕಂಬಿ ನಡುವೆ. ಗಟ್ಟಿ ಕಾಲಿನ ಹುಡುಗರು ಕೊನೆಗೆ, ಅವರ ಕೆಲಸ ಹಿಂದೆ ಯಾರೂ ಉಳಿಯದಂತೆ ನೋಡುವುದು. ಸಾಮಾನು ಹೊತ್ತ ಟ್ರ್ಯಾಕ್ಟರ್ ಐದೈದು ಕಿ.ಮೀ. ಮುಂದೆ ಹೋಗಿ ನಿಲ್ಲುತ್ತದೆ. ಅದರಲ್ಲಿ ನೀರಿನ ಕ್ಯಾನು, ಹಾಸಿಗೆ, ಪಾತ್ರೆ, ಔಷಧದ ಡಬ್ಬಿ ಮತ್ತು ಸೋತವರಿಗೆ ಕೂಡಲು ಜಾಗ. ನಾನು ಎಂಟು ವರ್ಷದಿಂದ ಪ್ರಾಜೆಕ್ಟ್ ಪ್ಲಾನ್‌ಗಳನ್ನು ನೋಡುತ್ತಿದ್ದೇನೆ. ಅತಿ ನಿಧಾನದವರನ್ನು ಮೊದಲು ಲೆಕ್ಕಕ್ಕೆ ಹಿಡಿದು ಮಾಡಿದ ಪ್ಲಾನ್ ಇಷ್ಟು ಅಚ್ಚುಕಟ್ಟಾಗಿ ನಡೆದದ್ದನ್ನು ಕಂಡದ್ದು ಅಪರೂಪ.

ಅವ್ವ ಮೊದಲ ಭಾಗದಲ್ಲಿ. ನಾನೂ ಅಲ್ಲೇ.

ನೆರಳು ಮುಂದೆ, ಚಂದ್ರ ಹಿಂದೆ

ಹುಣ್ಣಿಮೆ ಕಳೆದು ಒಂದೇ ದಿನ ಆಗಿತ್ತು. ನಸುಕಿನಲ್ಲಿ ಚಂದ್ರ ಪಶ್ಚಿಮಕ್ಕೆ ಇಳಿದಿದ್ದ. ನಾವು ಹೋಗುವುದು ಆಗ್ನೇಯಕ್ಕೆ. ಹಾಗಾಗಿ ನಮ್ಮ ನೆರಳು ನಮಗಿಂತ ಮುಂದೆ ಹೋಗುತ್ತಿತ್ತು. ಎರಡೂ ಕಡೆ ಎರೆ ಹೊಲ. ಹಿಂಗಾರಿ ಜೋಳ ಕಟಾವಾಗಿ ಕಣಿಕೆಯ ಬಣವೆಗಳು ಅಲ್ಲಲ್ಲಿ ನಿಂತಿದ್ದವು. ಬೆಳದಿಂಗಳಲ್ಲಿ ಅವು ಸಣ್ಣ ಸಣ್ಣ ಮನೆಗಳ ಹಾಗೆ ಕಾಣುತ್ತಿದ್ದವು. ಹಸಿ ನೆಲದ ವಾಸನೆ ಇರಲಿಲ್ಲ, ಒಣ ಕಣಿಕೆಯದು ಇತ್ತು.

ಈ ಮಣ್ಣಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಗೆ ಕಿಲೋಗಟ್ಟಲೆ ಅಂಟುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರುಕು ಬಿಡುತ್ತದೆ. ಮಳೆಗಾಲದ ಕೊನೆಗೆ ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತ ಹಿರಿಯರು ಹೇಳುವುದು ಈ ಸೀಮೆಯ ಡೋಣಿ ನದಿಯ ದಂಡೆಯ ನೆಲದ ಬಗ್ಗೆಯೇ. ಬಸ್ಸಿನ ಕಿಟಕಿಯಿಂದ ನೋಡಿದರೆ ಇದು ಬರೀ ಕಪ್ಪು ಬಯಲು. ಗಂಟೆಗೆ ನಾಲ್ಕು ಕಿ.ಮೀ. ವೇಗದಲ್ಲಿ ನೋಡಿದರೆ ಪ್ರತಿ ಹೊಲದ ಬದುವೂ ಬೇರೆ, ಪ್ರತಿ ಬನ್ನಿ ಗಿಡದ ಕೆಳಗೂ ಒಂದು ಸಣ್ಣ ಕಲ್ಲಿನ ದೇವರು.

ಬೆಳಗ್ಗೆ 9.30ಕ್ಕೆ ನಡಿಗೆ ನಿಲ್ಲುತ್ತದೆ. ಮಾರ್ಚ್ ನಡುವೆಯೇ ಇಲ್ಲಿ ಹತ್ತು ಗಂಟೆಯ ಬಿಸಿಲು ತಲೆ ಸುಡುತ್ತದೆ. ಗುಡಿ, ಶಾಲೆ, ಹೊಲದ ಗಿಡ, ಎಲ್ಲಿ ನೆರಳೋ ಅಲ್ಲಿ ವಿಶ್ರಾಂತಿ. ಮತ್ತೆ ಸಂಜೆ 4.30ಕ್ಕೆ ಹೊರಟು 8ರೊಳಗೆ ರಾತ್ರಿ ವಸ್ತಿ.

ಮೊದಲ ದಿನದ ಸಂಜೆ ಒಂದು ಘಟನೆ ನಡೆಯಿತು. ಕಬ್ಬಿನ ಹಂಗಾಮು ಇನ್ನೂ ಮುಗಿದಿರಲಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲಾಗಿ ಬರುತ್ತಿದ್ದವು. ಒಂದನ್ನು ಹಿಂದಿಕ್ಕಲು ಹೋದ ಕಾರು ನಮ್ಮ ಸಾಲಿನ ಪಕ್ಕದಲ್ಲೇ, ಒಂದು ಕೈ ಅಳತೆಯಲ್ಲಿ ಹಾದುಹೋಯಿತು. ಒಂಬತ್ತು ವರ್ಷದ ಆ ಹುಡುಗಿಯನ್ನು ಟೇಲರಣ್ಣ ರೆಟ್ಟೆ ಹಿಡಿದು ಬದಿಗೆ ಎಳೆದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಹುಡುಗಿಯ ಅಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ.

ಅವತ್ತು ರಾತ್ರಿ ಊಟಕ್ಕೆ ಮೊದಲು ಕಾಕಾ ಎಲ್ಲರನ್ನೂ ಕೂಡಿಸಿದರು. ರಸ್ತೆಯ ಬಲಬದಿಗೆ, ಎದುರು ಬರುವ ಗಾಡಿ ಕಣ್ಣಿಗೆ ಕಾಣುವ ಹಾಗೆ ನಡೆಯಬೇಕು. ಇಬ್ಬರಿಗಿಂತ ಹೆಚ್ಚು ಜನ ಅಕ್ಕಪಕ್ಕ ನಡೆಯಬಾರದು. ಮುಂದೆ ಒಬ್ಬ, ಹಿಂದೆ ಒಬ್ಬ ಬ್ಯಾಟರಿ ಹಿಡಿಯಬೇಕು. ನಡೆಯುವಾಗ ಇಯರ್‌ಫೋನ್ ಬೇಡ. ಮರುದಿನ ಮುದ್ದೇಬಿಹಾಳದಲ್ಲಿ ಹುಡುಗರು ಹೊಳೆಯುವ ರೇಡಿಯಂ ಪಟ್ಟಿ ಒಂದು ಸುರುಳಿ ತಂದು ಎಲ್ಲರ ಚೀಲ, ಕೋಲು, ಮರಗಾಲಿಗೂ ಅಂಟಿಸಿದರು. ಕಂಬಿಗೂ ಒಂದು ತುಂಡು. ಖರ್ಚು ದೊಡ್ಡದಲ್ಲ. ಆ ರಾತ್ರಿ ದೂರದಿಂದಲೇ ಗಾಡಿಗಳು ಲೈಟ್ ಇಳಿಸಿ ನಿಧಾನ ಆಗುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ಭಕ್ತಿಗೆ ರೇಡಿಯಂ ಪಟ್ಟಿ ಯಾಕೆ ಅಂತ ಕೇಳುವವರಿಗೆ ಆ ಅಪ್ಪ ಕಲ್ಲಿನ ಮೇಲೆ ಕುಳಿತ ರೀತಿಯನ್ನು ತೋರಿಸಬೇಕು.

ಕರೆದು ಉಣಿಸುವ ಹಾದಿ

ಈ ಹಾದಿಯಲ್ಲಿ ದುಡ್ಡು ಕೊಟ್ಟು ಊಟ ಮಾಡುವ ಪ್ರಸಂಗವೇ ಬರುವುದಿಲ್ಲ. ಪ್ರತಿ ನಾಲ್ಕೈದು ಕಿ.ಮೀ.ಗೆ ಒಂದು ಶಾಮಿಯಾನ. ಕೆಲವು ಊರಿನವರು ಕೂಡಿ ಹಾಕಿದ್ದು, ಕೆಲವು ಒಂದೇ ಮನೆಯವರದ್ದು. “ಬರ್ರಿ ಯವ್ವಾ, ಒಂದ್ ಗ್ಲಾಸ್ ಮಜ್ಜಿಗಿ ಕುಡದ ಹೋಗ್ರಿ” ಅಂತ ರಸ್ತೆಗೇ ಬಂದು ಕೈ ಹಿಡಿಯುತ್ತಾರೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು, ಅನ್ನ ಸಾರು, ಗೋದಿ ಹುಗ್ಗಿ, ಕಲ್ಲಂಗಡಿ. ಒಂದು ಕಡೆ ಲಿಂಬೆ ಶರಬತ್ತು ಕೊಡುತ್ತಿದ್ದ ಹುಡುಗ ‘ಇಂಡಿ ಲಿಂಬಿ ಅಕ್ಕಾ’ ಅಂತ ಹೆಮ್ಮೆಯಿಂದ ಹೇಳಿದ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಹೆಮ್ಮೆ ಸುಮ್ಮನೆ ಬಂದದ್ದಲ್ಲ.

ಊಟಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಕಾಲಿನ ಸೇವೆ. ಅಗಲವಾದ ಬುಟ್ಟಿಗಳಲ್ಲಿ ಉಪ್ಪು ಹಾಕಿದ ಬಿಸಿನೀರು. ನಡೆದು ಬಂದವರು ಕಾಲು ಇಟ್ಟು ಕೂಡಬಹುದು. ಆಮೇಲೆ ಯಾರೋ ಎಣ್ಣೆ ಹಚ್ಚಿ ಪಾದ ತಿಕ್ಕುತ್ತಾರೆ, ಬೊಬ್ಬೆ ಎದ್ದ ಕಡೆ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತಾರೆ. ಒಂದು ಶಾಮಿಯಾನದಲ್ಲಿ ಅವ್ವನ ಕಾಲು ಹಿಡಿದದ್ದು ಮೀಸೆ ಬೆಳ್ಳಗಾದ ರೈತರೊಬ್ಬರು. ಅವ್ವ ಗಾಬರಿಯಿಂದ ಕಾಲು ಎಳೆದುಕೊಂಡಳು: “ಬ್ಯಾಡ್ರಿ, ನೀವು ಹಿರ್ಯಾರು.” ಅವರು ಬಿಡಲಿಲ್ಲ. “ನನಗ ಈ ವರ್ಷ ನಡ್ಯಾಕ ಆಗಿಲ್ಲವ್ವಾ. ನಡದವರ ಕಾಲ ಮುಟ್ಟಿದ್ರ ನಂದೂ ಅಷ್ಟ ನಡದಾಂಗ.”

ದಾಸೋಹ ಎಂಬ ಪದವನ್ನು ಶಾಲೆಯ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದವರು ನಾವು. ಬಸವಣ್ಣನ ಊರಿನಿಂದ ಹತ್ತು ಹದಿನೈದು ಕಿ.ಮೀ. ದೂರದಲ್ಲಿ, ಬುಟ್ಟಿಯ ಬಿಸಿನೀರಿನ ಮುಂದೆ ಅದರ ಅರ್ಥ ಬೇರೆಯೇ. ಕೊಡುವವರು ದೊಡ್ಡವರಲ್ಲ, ತೆಗೆದುಕೊಳ್ಳುವವರು ಸಣ್ಣವರಲ್ಲ. ಜಪಾನಿನ ಶಿಕೊಕು ದ್ವೀಪದಲ್ಲಿ 88 ದೇವಾಲಯಗಳ ಸುಮಾರು 1,200 ಕಿ.ಮೀ. ಪಾದಯಾತ್ರೆ ಇದೆ. ಅಲ್ಲೂ ಊರವರು ಯಾತ್ರಿಗಳನ್ನು ನಿಲ್ಲಿಸಿ ಹಣ್ಣು, ಚಹಾ ಕೊಡುತ್ತಾರೆ, ಅದಕ್ಕೆ ‘ಒಸೆತ್ತಾಯಿ’ ಎಂಬ ಹೆಸರೇ ಇದೆ. ನಡೆಯುವವರನ್ನು ಕಂಡರೆ ಉಣಿಸಬೇಕು ಅನ್ನಿಸುವುದು ಎಲ್ಲ ದೇಶದ ಹಳ್ಳಿಗಳಲ್ಲೂ ಒಂದೇ ಇರಬೇಕು.

ಎಲ್ಲವೂ ಚೆನ್ನ ಅಂತಲ್ಲ. ಎರಡು ಸಂಗತಿ ಹೇಳಲೇಬೇಕು. ಮೊದಲನೆಯದು ಹೆಂಗಸರ ಶೌಚಾಲಯ. ಗಂಡಸರು ರಸ್ತೆ ಬದಿಗೆ ತಿರುಗಿ ನಿಂತರೆ ಮುಗಿಯಿತು. ಹೆಂಗಸರು ಮಾತ್ರ ಕತ್ತಲಿರುವಾಗಲೇ ಎಲ್ಲ ಮುಗಿಸಬೇಕು, ಇಲ್ಲವೇ ನೀರು ಕುಡಿಯುವುದನ್ನೇ ಕಡಿಮೆ ಮಾಡಬೇಕು. ಬಿಸಿಲಿನಲ್ಲಿ ನಡೆಯುವವರು ನೀರು ಕುಡಿಯದಿರುವುದು ಎಷ್ಟು ಅಪಾಯ ಅಂತ ಬೇರೆ ಹೇಳಬೇಕಿಲ್ಲ. ಒಂದು ಊರಲ್ಲಿ ನಮಗೆ ಮಲಗಲು ಜಾಗ ಸಿಕ್ಕಿತ್ತು, ಶೌಚಾಲಯಕ್ಕೆ ಮಾತ್ರ ಬೀಗ. ಆಗ ಎದುರು ಮನೆಯ ಅಜ್ಜಿ ತನ್ನ ಹಿತ್ತಲ ಬಾಗಿಲು ತೆಗೆದಿಟ್ಟು, ರಾತ್ರಿಯಿಡೀ ಲೈಟ್ ಹಚ್ಚಿಟ್ಟರು. ಮೂವತ್ತು ಹೆಂಗಸರಿಗೆ ಆ ಒಂದು ಬಾಗಿಲು ಹೋಳಿಗೆ ಊಟಕ್ಕಿಂತ ದೊಡ್ಡದಾಗಿತ್ತು. ದಾಸೋಹ ಮಾಡುವ ಸಂಘಗಳು ಒಂದು ಶಾಮಿಯಾನ ಕಡಿಮೆ ಮಾಡಿ, ನಾಲ್ಕು ತಗಡಿನ ಮರೆ ಮತ್ತು ಒಂದು ನೀರಿನ ಟ್ಯಾಂಕರ್ ನಿಲ್ಲಿಸಿದರೆ ಅದೂ ದೊಡ್ಡ ಸೇವೆಯೇ.

ಎರಡನೆಯದು ಪ್ಲಾಸ್ಟಿಕ್. ಒಂದೊಂದು ಶಾಮಿಯಾನ ದಾಟಿದ ಮೇಲೆ ಅರ್ಧ ಕಿ.ಮೀ. ರಸ್ತೆ ಬದಿ ಲೋಟ, ನೀರಿನ ಪಾಕೀಟು. ಈ ಕಸ ಗಾಳಿಗೆ ಹಾರಿ ಎರೆ ಹೊಲಕ್ಕೆ ಬೀಳುತ್ತದೆ. ನಾಲತವಾಡದ ಹಾದಿಯಲ್ಲಿ ಮಾತ್ರ ಒಂದು ಕಡೆ ಸ್ಟೀಲ್ ಲೋಟ ಇಟ್ಟು, ತೊಳೆಯಲು ನಾಲ್ಕು ಹುಡುಗರನ್ನು ಕೂಡಿಸಿದ್ದರು. ಅಲ್ಲಿನ ರಸ್ತೆ ಸ್ವಚ್ಛ ಇತ್ತು. ನಮ್ಮ ತಂಡದಲ್ಲಿ ಅನೇಕರು ಆಮೇಲೆ ಸ್ವಂತ ಲೋಟ ಚೀಲಕ್ಕೆ ಕಟ್ಟಿಕೊಂಡರು.

ಅವ್ವನ ಲೆಕ್ಕ

ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಸುಮಾರು 40 ಕಿ.ಮೀ. ಮೊದಲ ದಿನ ಅವ್ವ 11 ಕಿ.ಮೀ. ನಡೆದಳು, ಉಳಿದದ್ದು ಟ್ರ್ಯಾಕ್ಟರ್. ಎರಡನೇ ದಿನ 9. ನನ್ನ ವಾಚು ಹೆಜ್ಜೆ ಎಣಿಸುತ್ತಿತ್ತು. ಅವ್ವ ಬೇರೆ ಲೆಕ್ಕ ಇಟ್ಟಿದ್ದಳು: ಈ ಹೊಲದಿಂದ ಆ ಬೇವಿನ ಗಿಡಕ್ಕೆ, ಗಿಡದಿಂದ ಮೈಲಿಗಲ್ಲಿಗೆ, ಕಲ್ಲಿನಿಂದ ಆ ಪಂಪ್‌ಸೆಟ್ ಮನೆಗೆ. ಪ್ರತಿ ನಿಲುಗಡೆಗೂ ಎರಡು ನಿಮಿಷ ಕೂಡುವುದು, ಮೊಣಕಾಲಿಗೆ ಎಣ್ಣೆ ಹಚ್ಚುವುದು, ಏಳುವುದು.

ಟ್ರ್ಯಾಕ್ಟರ್ ಹತ್ತುವಾಗ ಮೊದಲ ದಿನ ಅವ್ವನ ಮುಖ ಸಣ್ಣದಾಗಿತ್ತು. ತಂಡದಲ್ಲೇ ಒಬ್ಬರು ‘ಗಾಡಿ ಹತ್ತಿದ್ರ ಹರಕಿ ಮುಟ್ಟತೈತೇನು?’ ಅಂತ ಮೆಲ್ಲಗೆ ಅಂದದ್ದು ಆಕೆಯ ಕಿವಿಗೂ ಬಿದ್ದಿತ್ತು. ಉತ್ತರ ಕೊಟ್ಟದ್ದು ಟೇಲರಣ್ಣ. ಊರುಗೋಲು ಬದಿಗಿಟ್ಟು, ಟ್ರ್ಯಾಕ್ಟರ್‌ನ ಅಂಚಿಗೆ ಕುಳಿತು ಹೇಳಿದರು: “ನಾ ಹನ್ನೊಂದು ವರ್ಷ ಆತು ಹೊಂಟು. ದಿನಾ ಅರ್ಧಾ ನಡೀತೀನಿ, ಅರ್ಧಾ ಕೂಡತೀನಿ. ಮಲ್ಲಯ್ಯ ಒಮ್ಮೆನೂ ಬಾಗಿಲ ಹಾಕಿಲ್ಲ.” ಆ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಸ್ಪೇನ್ ದೇಶದ ಸಾಂತಿಯಾಗೋ ಯಾತ್ರೆಯಲ್ಲೂ ಇಂಥ ಒಂದು ಲೆಕ್ಕ ಇದೆ. ನೂರಾರು ಕಿ.ಮೀ. ಹಾದಿ ಇದ್ದರೂ ಕೊನೆಯ 100 ಕಿ.ಮೀ. ನಡೆದವರಿಗೂ ಯಾತ್ರೆ ಮುಗಿಸಿದ ಪತ್ರ ಕೊಡುತ್ತಾರೆ. ನಮ್ಮ ಹಾದಿಯಲ್ಲಿ ಪತ್ರ ಇಲ್ಲ, ಇಂತಿಷ್ಟು ಅಂತ ಗೆರೆಯೂ ಇಲ್ಲ. ಗೆರೆ ಎಲ್ಲಿ ಅಂತ ನಡೆಯುವವರೇ ತಮ್ಮೊಳಗೆ ತೀರ್ಮಾನ ಮಾಡಿಕೊಳ್ಳಬೇಕು. ಅದೇ ಕಷ್ಟ.

ಮುದ್ದೇಬಿಹಾಳದ ರಾತ್ರಿ ಅವ್ವನ ಮೊಣಕಾಲು ಬಾತು ಕೆಂಪಾಗಿತ್ತು. ಮಾತ್ರೆ ಕೊಟ್ಟು ಐಸ್ ಇಟ್ಟೆ. ‘ನಾಳೆ ಇಲ್ಲಿಂದಲೇ ಊರಿಗೆ ಹೋಗೋಣವಾ?’ ಅಂದೆ. ಅವ್ವ ಛಾವಣಿ ನೋಡುತ್ತ ಮಲಗಿದ್ದಳು. ‘ಹೊಳಿತನಕ’ ಅಂದಳು. ಅಷ್ಟೇ. ಕೃಷ್ಣಾ ನದಿಯವರೆಗೆ.

ಹೊಳೆಯ ದಂಡೆ

ಮೂರನೇ ದಿನ ನಾಲತವಾಡಕ್ಕೆ ಸುಮಾರು 20 ಕಿ.ಮೀ. ಅವ್ವ ನಡೆದದ್ದು ಬರೀ 4. ನಾಲ್ಕನೇ ದಿನ ನಸುಕಿನಲ್ಲಿ ನಾರಾಯಣಪುರದ ಕಡೆಗೆ ಹೊರಟಾಗ ಕಾಕಾ ಹೇಳಿದರು: “ಅಕ್ಕಾರ, ನೀವು ಈಗ ಗಾಡ್ಯಾಗ ಕೂಡ್ರಿ. ಕಡೀ ಎರಡ ಕಿಲೋಮೀಟರ್ ನಡೀರಿ. ಹೊಳಿ ಮುಟ್ಟಾಗ ನಡಕೋಂತ ಮುಟ್ಟಬೇಕು.”

ಹಾಗೇ ಆಯಿತು. ನಾರಾಯಣಪುರ ಯಾದಗಿರಿ ಜಿಲ್ಲೆಗೆ ಸೇರುತ್ತದೆ. ಇಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿಂದಿನ ಜಲಾಶಯಕ್ಕೆ ಬಸವಸಾಗರ ಅಂತ ಹೆಸರು. ಇಲ್ಲಿಂದ ಹೊರಟ ಎಡದಂಡೆ ಕಾಲುವೆಯ ಒಂದು ಕವಲು ಸಿಂದಗಿ, ಇಂಡಿ ಕಡೆಗೂ ಹೋಗುತ್ತದೆ, ಅದಕ್ಕೆ ಇಂಡಿ ಶಾಖಾ ಕಾಲುವೆ ಎನ್ನುತ್ತಾರೆ. ಇದೇ ಹಿನ್ನೀರಿನ ಇನ್ನೊಂದು ತುದಿಗೆ ಕೂಡಲಸಂಗಮ. ಅದರ ಹತ್ತಿರದ ದಂಡೆಯಲ್ಲಿ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ಸ್ಥಳ ಇದೆ. ಕಲ್ಯಾಣದಿಂದ ಹೊರಟ ಆಕೆ ಸಂಗಮವನ್ನು ಮುಟ್ಟದೆ ತಂಗಡಗಿಯಲ್ಲೇ ನಿಂತಳು ಎಂಬುದು ಈ ಭಾಗದ ನಂಬಿಕೆ. ಅವ್ವನಿಗೆ ಆ ಕಥೆ ಗೊತ್ತಿತ್ತು. ನೀರು ಕಂಡ ಕೂಡಲೇ ಆ ಹೆಸರು ತೆಗೆದು ಕೈ ಮುಗಿದಳು.

ಹೊಳೆಯ ಆಚೆ ದಂಡೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ತಂಡ ಮುಂದೆ ಹೋಗಬೇಕಿತ್ತು, ನಾವು ಹಿಂದೆ.

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡ ನಾಡಿನ ಈ ಭಾಗದವರಿಗೆ ಶ್ರೀಶೈಲದ ಭ್ರಮರಾಂಬೆ ಬರೀ ದೇವಿಯಲ್ಲ, ಮದುವೆಯಾಗಿ ದೂರ ಹೋದ ಮನೆಮಗಳು. ಯುಗಾದಿಗೆ ತವರಿನಿಂದ ಸೀರೆ, ಕುಪ್ಪಸದ ಖಣ, ಬಳೆ ತೆಗೆದುಕೊಂಡು ಹೋಗಬೇಕು. ಹೀಗಾಗಿಯೇ ಅಷ್ಟು ದೂರದ ಹಬ್ಬಕ್ಕೆ ಕನ್ನಡದ ಜನ ಅಷ್ಟೊಂದು ಸಂಖ್ಯೆಯಲ್ಲಿ ಹೋಗುವುದು. ಅವ್ವನ ಚೀಲದಲ್ಲೂ ಅದೇ ಇತ್ತು: ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಕ್ಕಿ. ನಾಲ್ಕು ದಿನ ಆ ಚೀಲವನ್ನು ಆಕೆ ಟ್ರ್ಯಾಕ್ಟರ್‌ಗೆ ಕೊಟ್ಟಿರಲಿಲ್ಲ. ನನಗೂ ಕೊಟ್ಟಿರಲಿಲ್ಲ.

ಹೊಳೆಯ ದಂಡೆಯಲ್ಲಿ ಕುಳಿತು ಒಂದೊಂದೇ ಹೊರಗೆ ತೆಗೆದಳು. ಬಳೆ ಒಡೆದಿವೆಯಾ ಅಂತ ನೋಡಿದಳು. ಮತ್ತೆ ಕಟ್ಟಿದಳು. ಬರಿಗಾಲಲ್ಲಿ ನಡೆಯುತ್ತಿದ್ದ ಅಕ್ಕಂದಿರಲ್ಲಿ ಒಬ್ಬರನ್ನು ಕರೆದು ಗಂಟನ್ನು ಅವರ ಕೈಗಿಟ್ಟಳು. ಅವರು ಸೆರಗೊಡ್ಡಿ ಇಸಿದುಕೊಂಡರು. “ನಿಮ್ಮ ಹೆಸರ್ಲೆ ಆಕಿ ಉಡಿ ತುಂಬತೀನಿ. ಚಿಂತಿ ಮಾಡಬ್ಯಾಡ್ರಿ” ಅಂದರು. ಅವ್ವ ಅಳಲಿಲ್ಲ. “ಸೀರಿ ಅಂಚು ನೀರಾಗ ನೆನೀಬಾರದು, ಬಣ್ಣ ಬಿಡತೈತಿ” ಅಂತ ಮಾತ್ರ ಎರಡು ಸಲ ಹೇಳಿದಳು.

ಆ ತಂಡ ಹೊಳೆ ದಾಟಿ ಕಾಣದಾಗುವವರೆಗೆ ನಾವು ದಂಡೆಯಲ್ಲೇ ಇದ್ದೆವು. ಒಟ್ಟು 26 ಕಿ.ಮೀ. ನಡೆದಿದ್ದಳು ಅವ್ವ.

ಅಲ್ಲಿಂದ ಮುಂದೆ

ಮುಂದಿನ ಹಾದಿ ಲಿಂಗಸುಗೂರು, ರಾಯಚೂರು ದಾಟಿ ತೆಲಂಗಾಣದ ಅಂಚು ಹಾಯ್ದು ಆಂಧ್ರದ ಕರ್ನೂಲು, ಆತ್ಮಕೂರು ಕಡೆಗೆ ಹೋಗುತ್ತದೆ. ಆತ್ಮಕೂರು ಬಿಟ್ಟ ಮೇಲೆ ವೆಂಕಟಾಪುರದಿಂದ ನಲ್ಲಮಲ ಕಾಡಿನ ಕಾಲುದಾರಿ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೊನೆಗೆ ಕೈಲಾಸ ದ್ವಾರದ ಮೆಟ್ಟಿಲು. ಕಾಡಿನ ಹಾದಿಯಲ್ಲಿ ಇದೇ ಕಷ್ಟದ್ದು. ಏರು, ಇಳಿವು, ಕಲ್ಲು, ನೀರಿನ ಕೊರತೆ. ಇದು ನಾಗಾರ್ಜುನಸಾಗರ ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. ವಿಸ್ತೀರ್ಣದಲ್ಲಿ ದೇಶದಲ್ಲೇ ದೊಡ್ಡದು. ಶಿವರಾತ್ರಿ, ಯುಗಾದಿಯ ಸಮಯದಲ್ಲಿ ಮಾತ್ರ ಪಾದಯಾತ್ರಿಗಳಿಗೆ ಈ ದಾರಿ ತೆರೆಯುತ್ತದೆ. ಪ್ಲಾಸ್ಟಿಕ್ ಒಯ್ಯಬಾರದು, ಬೆಂಕಿ ಹಚ್ಚಬಾರದು, ಗುಂಪು ಬಿಡಬಾರದು.

ನೀವೂ ಹೋಗಬೇಕೆಂದರೆ

15 ದಿನ ರಜೆ ಸಿಗುವುದಿಲ್ಲ ಅಂತ ಸುಮ್ಮನಾಗಬೇಡಿ. ಒಂದು ದಿನವೂ ನಡೆಯಬಹುದು. ಮುಖ್ಯವಾದ ಕೆಲವು ಮಾತು:

ಮೊದಲೇ ಪರಿಚಯದ ತಂಡಕ್ಕೆ ಹೇಳಿ ಹೋಗಿ. ಒಬ್ಬರೇ ರಾತ್ರಿ ರಸ್ತೆಗೆ ಇಳಿಯಬೇಡಿ. ಹೊಸ ಶೂ ಬೇಡ, ತಿಂಗಳಾದರೂ ಹಾಕಿ ಪಳಗಿದ್ದು ಇರಲಿ. ಹತ್ತಿಯ ಕಾಲುಚೀಲ ಎರಡು ಜೊತೆ, ಟೋಪಿ, ಸ್ಟೀಲ್ ಲೋಟ, ಬ್ಯಾಟರಿ, ಓಆರ್‌ಎಸ್ ಪಾಕೀಟು, ಬೊಬ್ಬೆಗೆ ಪಟ್ಟಿ ಇದ್ದರೆ ಸಾಕು. ಚೀಲಕ್ಕೆ ರೇಡಿಯಂ ಪಟ್ಟಿ ಅಂಟಿಸಿ. ಬಿಪಿ, ಶುಗರ್ ಇರುವವರನ್ನು ಕರೆದುಕೊಂಡು ಹೋದರೆ ಮಾತ್ರೆಯ ಸಮಯ ತಪ್ಪಿಸಬೇಡಿ, ದಾಸೋಹದ ಸಿಹಿಗೆ ಕೈ ಹಾಕುವ ಮೊದಲು ಯೋಚಿಸಿ. ನಡೆಯುವುದಕ್ಕೆ ಆಗುವುದೇ ಇಲ್ಲ ಎನ್ನುವವರು ಶಾಮಿಯಾನದಲ್ಲಿ ಲೋಟ ತೊಳೆಯಲು ಕೂಡಬಹುದು, ಅದಕ್ಕೂ ಜನ ಬೇಕು.

ಹೋಳಿ ತಪ್ಪಿದರೆ ವರ್ಷದಲ್ಲಿ ಬೇರೆ ಹಾದಿಗಳೂ ಇವೆ. ಆಷಾಢ ಏಕಾದಶಿಗೆ ಇಂಡಿ ಸೀಮೆಯಿಂದ ಪಂಢರಪುರಕ್ಕೆ ದಿಂಡಿಗಳು ಹೊರಡುತ್ತವೆ, ಸುಮಾರು 100 ಕಿ.ಮೀ. ಹಾದಿ. ಮಳೆಯ ಮೋಡದ ಕೆಳಗೆ ತಾಳ ಬಾರಿಸುತ್ತ ನಡೆಯುವುದು ಬೇರೆಯದೇ ಖುಷಿ. ಸಿಂದಗಿ ಕಡೆ ಹೋದರೆ ಮಡಿವಾಳ ಮಾಚಿದೇವ ಹುಟ್ಟಿದ ದೇವರ ಹಿಪ್ಪರಗಿ ನೋಡಬಹುದು. ಆಲಮಟ್ಟಿ ಹತ್ತಿರದ ಯಲಗೂರ ಹನುಮಪ್ಪನಿಗೆ ಶನಿವಾರ ಜನ ಸೇರುತ್ತಾರೆ. ಇನ್ನು ಎಳ್ಳ ಅಮವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುತ್ತ ನಡೆಯುವುದು, ಎರಡೇ ಕಿ.ಮೀ. ಆದರೂ ಹೊಟ್ಟೆ ತುಂಬ ಸಜ್ಜಿ ರೊಟ್ಟಿ, ಭಜ್ಜಿ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮೊದಲ ನಡಿಗೆ ಇಲ್ಲ.

ಐದೇಶಿ

ಯುಗಾದಿಯ ದಿನ ಮಧ್ಯಾಹ್ನ ಅವ್ವನ ಫೋನಿಗೆ ಕರೆ ಬಂತು. ಆ ಕಡೆ ಗದ್ದಲವೋ ಗದ್ದಲ. “ಮುಟ್ಟೈತ್ರಿ. ಸೀರಿ ನೆನದಿಲ್ಲ” ಎಂಬ ಎರಡೇ ಮಾತು ಕೇಳಿಸಿತು, ಲೈನ್ ಕಟ್ ಆಯಿತು. ಅವ್ವ ಫೋನ್ ಕೆಳಗಿಟ್ಟು ಅಪ್ಪನಿಗೆ ಬೇವು ಬೆಲ್ಲ ಕೊಟ್ಟಳು.

ಕಂಬಿ ಊರಿಗೆ ಮರಳಿದ ಮೇಲೆ ಐದೇಶಿ ಮಾಡುತ್ತಾರೆ. ಕಂಬಿಗೆ ಪೂಜೆ, ಆಮೇಲೆ ಎಲ್ಲರಿಗೂ ಊಟ. ನಮ್ಮನ್ನೂ ಕರೆದಿದ್ದರು. ಕಾಕಾ ಒಂದು ಹಳೆಯ ನೋಟ್‌ಬುಕ್ ಇಟ್ಟಿದ್ದಾರೆ. ಆ ವರ್ಷ ನಡೆದವರ ಹೆಸರೆಲ್ಲ ಅದರಲ್ಲಿ ಬರೆಯುತ್ತಾರೆ, ಎಲ್ಲರೆದುರು ಓದುತ್ತಾರೆ. ಯಾರು ಎಷ್ಟು ದೂರ ನಡೆದರು ಎಂಬ ಕಾಲಮ್ ಅದರಲ್ಲಿ ಇಲ್ಲ. ಮರಗಾಲಿನ ಹುಡುಗರು ಬೇರೆ ತಂಡದವರಾದರೂ ಅವರ ಹೆಸರು ಇತ್ತು. ಟೇಲರಣ್ಣನದು, ಒಂಬತ್ತು ವರ್ಷದ ಹುಡುಗಿಯದು, ಕಾಲು ತಿಕ್ಕಿದ ಆ ರೈತರದೂ ಇತ್ತು. ಹದಿನೇಳನೆಯದು ಅವ್ವನ ಹೆಸರು. ಓದಿದಾಗ ಆಕೆ ಎಲ್ಲರ ಹಾಗೆ ‘ಇದ್ದೀನ್ರಿ’ ಅಂದಳು.